ಅರೆಬರೆಯ ಕೌದಿ

"ನನ್ನ ತೋಳು ಎಲ್ಲಿ?"

ಕನ್ನಡಕದ ಅಂಗಡಿಯಲ್ಲಿ ಫ್ರೇಮುಗಳ ಧೂಳು ಒರೆಸುತ್ತಿದ್ದ ಹುಡುಗಿ ಬೆಚ್ಚಿ ತಲೆಯೆತ್ತಿದಳು. ಕೌಂಟರಿನ ಆಚೆ ಒಬ್ಬ ಯುವಕ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ಚೂರು, ಮೂಗಿನ ತುದಿಯಲ್ಲಿ ಸಿಟ್ಟು. ಅವನ ತೋಳುಗಳೆರಡೂ ಇರಬೇಕಾದ ಜಾಗದಲ್ಲೇ ಇದ್ದವು.

"ಯಾವ... ಯಾವ ತೋಳು?"

"ಕೋಟಿನ ತೋಳು. ಕಡುನೀಲಿ ಬಣ್ಣ. ಬೆಳಿಗ್ಗೆ ಟೈಲರ್ ಅಂಗಡಿಯಿಂದ ಚಿಂದಿ ಗಂಟು ತಂದಿದ್ದು ನೀವೇ ತಾನೆ? ಹಸಿರು ಏಪ್ರನ್ ಹಾಕ್ಕೊಂಡಿರೋ ಹುಡುಗಿ ಅಂತ ನಮ್ಮಮ್ಮ ಹೇಳಿದ್ರು."

ಹೌದು, ತಂದಿದ್ದಳು. ಪಕ್ಕದ ಬೀದಿಯ ಟೈಲರ್ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜ ಹಾಕುತ್ತಿದ್ದ ಹೆಂಗಸನ್ನು ಕೇಳಿಯೇ ತಂದಿದ್ದಳು. "ಬಾಗಿಲ ಹಿಂದಿರೋ ಗಂಟು ಎತ್ಕೊಂಡು ಹೋಗು ಮಗಳೇ" ಎಂದಿದ್ದರು ಅವರು. ಬಾಗಿಲ ಹಿಂದೆ ಗಂಟುಗಳು ಎರಡಿದ್ದವು. ಒಂದರಲ್ಲಿ ಬರೀ ಚೂರುಪಾರು, ಇನ್ನೊಂದರಲ್ಲಿ ದೊಡ್ಡ ದೊಡ್ಡ ಚೆಂದದ ತುಂಡು. ಇಷ್ಟು ಒಳ್ಳೆಯ ಬಟ್ಟೆಯನ್ನು ಚಿಂದಿಗೆ ಹಾಕುವ ಟೈಲರ್ ಎಂಥ ಉದಾರಿಯಿರಬೇಕು ಎಂದು ಮನಸ್ಸಿನಲ್ಲೇ ಹರಸಿ, ದೊಡ್ಡ ತುಂಡುಗಳ ಗಂಟನ್ನೇ ಹೊತ್ತು ತಂದಿದ್ದಳು. ಕತ್ತರಿಸಿ ಇನ್ನೂ ಹೊಲಿಯದೆ ಇಟ್ಟ ಕೋಟಿನ ತೋಳು ನೋಡಲು ಹಾಗೆಯೇ ಇರುತ್ತದೆಂದು ಪಾಪ, ಅವಳಿಗೇನು ಗೊತ್ತು?

ಕೌಂಟರಿನ ಕೆಳಗಿನಿಂದ ಚೀಲ ತೆಗೆದು ಅವನ ಮುಂದೆ ಸುರಿದಳು. ಅಂಗೈ ಅಗಲದ ಕಡುನೀಲಿ ಚೌಕಗಳು. ಊಟದ ಬಿಡುವಿನಲ್ಲಿ ಬಲು ಹುರುಪಿನಿಂದ ಕತ್ತರಿಸಿದ್ದಳು.

ಅವನು ಒಂದು ಚೌಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಇದು ತೋಳಾ?"

"ಆಗಿತ್ತು" ಎಂದಳು ಸಣ್ಣ ದನಿಯಲ್ಲಿ.

"ನಾಳೆ ಕೋಟು ಕೊಡಬೇಕು ರೀ. ಆ ಬಟ್ಟೆ ಒಂದು ಗೇಣೂ ಉಳಿದಿಲ್ಲ. ನಾನೀಗ ಏನು ಮಾಡಲಿ?"

"ತೋಳಿಲ್ಲದೇ... ಕೊಟ್ಟರೆ?"

ಬಾಯಿತಪ್ಪಿ ಬಂದ ಮಾತು. ಅವನು ಕೌಂಟರಿನ ಮೇಲೆ ಬಾಗಿ ಅವಳ ಮುಖದ ತೀರಾ ಹತ್ತಿರಕ್ಕೆ ಬಂದ. ತಮಾಷೆ ಮಾಡುತ್ತಿದ್ದಾಳೋ, ನಿಜ ಹೇಳುತ್ತಿದ್ದಾಳೋ ಎಂದು ದಿಟ್ಟಿಸಿದ. ಅಷ್ಟು ಹತ್ತಿರದಿಂದ ಅವಳನ್ನು ಯಾರೂ ನೋಡಿರಲಿಲ್ಲ. ಹಿಂದೆ ಸರಿಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನೋಡುತ್ತ ನೋಡುತ್ತ ಅವನ ಕಣ್ಣಿನ ಸಿಟ್ಟು ಎಲ್ಲೋ ದಾರಿ ತಪ್ಪಿತು.

"ತೋಳಿಲ್ಲದೇ" ಎಂದು ತನ್ನಷ್ಟಕ್ಕೆ ಗೊಣಗಿ, ಚೌಕಗಳನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅವಳು ಆ ಸಂಜೆಯಿಡೀ ಒಂದೇ ಕನ್ನಡಕವನ್ನು ಒರೆಸುತ್ತ ಕೂತಿದ್ದಳು.

---

ಮನೆಯಲ್ಲಿ ಆ ಹುಡುಗಿಗೆ ಅಡ್ಡಹೆಸರು ಅರೆಬರೆ. ಇಟ್ಟವಳು ಅಕ್ಕ. ಅಮ್ಮ ತೀರಿಕೊಂಡ ಮೇಲೆ ತಲೆ ಬಾಚಿ, ತುತ್ತು ತಿನ್ನಿಸಿ, ಬೈದು ಬೆಳೆಸಿದ ಅಕ್ಕನಿಗೆ ಹೆಸರಿಡುವ ಹಕ್ಕೂ ಇತ್ತು, ಕಾರಣವೂ ಇತ್ತು. ಅಟ್ಟದ ಮೇಲೆ ಕುತ್ತಿಗೆಯಿಲ್ಲದ ಸ್ವೆಟರ್ ಇತ್ತು. ಮೂಲೆಯಲ್ಲಿ ತಂತಿ ಸಡಿಲಾದ ಗಿಟಾರು. ಗೋಡೆಗೆ ಬಳಿಯಹೊರಟ ಬಣ್ಣ ಕಿಟಕಿಯ ತನಕ ಬಂದು ನಿಂತಿತ್ತು. ಆರಂಭಶೂರತ್ವಕ್ಕೆ ಬಹುಮಾನ ಕೊಡುವುದಾದರೆ ಈ ಹುಡುಗಿಗೇ ಕೊಡಬೇಕು, ಅದನ್ನು ತರಲೂ ಅರ್ಧ ದಾರಿ ಹೋಗಿ ವಾಪಸು ಬರುತ್ತಾಳೆ ಎಂದು ಭಾವ ನಗುತ್ತಿದ್ದರು.

ಅಂಥವಳು ಬಸುರಿ ಅಕ್ಕನ ಮುಂದೆ ನಿಂತು, "ನಿನ್ನ ಮಗೂಗೆ ನಾನೇ ಕೈಯಾರೆ ಕೌದಿ ಹೊಲೀತೀನಿ" ಅಂದುಬಿಟ್ಟಿದ್ದಳು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನೀನು ಮುಗಿಸೋ ಹೊತ್ತಿಗೆ ನನ್ನ ಮಗು ಕಾಲೇಜು ಮುಗಿಸಿರುತ್ತೆ ಕಣೇ."

ಎಲ್ಲರ ಜೊತೆ ಅವಳೂ ನಕ್ಕಳು. ಒಳಗೆ ಮಾತ್ರ ಚುರುಕ್ ಎಂದಿತು. ಯಾಕೆ ಅರ್ಧಕ್ಕೇ ಬಿಡುತ್ತೀಯ ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಕೇಳಿದ್ದರೆ ಅವಳು ಹೇಳುತ್ತಲೂ ಇರಲಿಲ್ಲ. ಕೆಲಸ ಕೊನೆಗೆ ಬಂದಾಗಲೇ ಅವಳಿಗೆ ಭಯ ಹಿಡಿಯುತ್ತಿತ್ತು. ಮುಗಿಸಿದ ಮೇಲೆ ಚೆನ್ನಾಗಿಲ್ಲವೆಂದು ಗೊತ್ತಾದರೆ? ಅರ್ಧಕ್ಕೆ ಬಿಟ್ಟದ್ದನ್ನು ಕೆಟ್ಟದಾಗಿದೆ ಎಂದು ಯಾರೂ ಹೇಳುವುದಿಲ್ಲವಲ್ಲ... ಈ ಕೌದಿಯೊಂದನ್ನಾದರೂ ಮುಗಿಸಬೇಕು. ಅಕ್ಕನಿಗೆ ತೋರಿಸುವುದಕ್ಕಿಂತ, ತನಗೇ ತೋರಿಸಿಕೊಳ್ಳಬೇಕಿತ್ತು.

---

ತೋಳಿನ ಅವಾಂತರದ ಮೂರನೆಯ ದಿನ, ಕ್ಷಮೆ ಕೇಳಬೇಕೆಂದು ಟೈಲರ್ ಅಂಗಡಿಗೆ ಹೋದಳು. ಬಾಗಿಲಲ್ಲೇ ಟೈಲರನ ಅಮ್ಮ ಕೈಹಿಡಿದು ಒಳಗೆ ಎಳೆದುಕೊಂಡರು.

"ಗಿರಾಕಿ ತೋಳಿಲ್ಲದ ಕೋಟು ಹಾಕ್ಕೊಂಡು ಕನ್ನಡಿ ಮುಂದೆ ತಿರುಗಿದ್ದೇ ತಿರುಗಿದ್ದು. ಹೀಗೇ ಚೆನ್ನಾಗಿದೆ, ಊಟಕ್ಕೆ ಕೂತ್ರೆ ತೋಳು ಅಡ್ಡ ಬರಲ್ಲ ಅಂದ್ರು ಕಣಮ್ಮ. ಯಾವ ಗಂಟು ಅಂತ ಹೇಳದೇ ಇದ್ದದ್ದು ನಂದೇ ತಪ್ಪು. ಅದ್ಸರಿ, ಚಿಂದಿ ಯಾಕೆ ನಿಂಗೆ?"

"ಕೌದಿ ಹೊಲಿಯೋಕೆ. ನಮ್ಮಕ್ಕನ ಮಗೂಗೆ."

"ಹೊಲಿದು ಗೊತ್ತಾ?"

"ಇಲ್ಲ."

"ಸೂಜಿ ಹಿಡಿದಾದ್ರೂ ಗೊತ್ತಾ?"

"ಕಾಲಿಗೆ ಚುಚ್ಚಿಕೊಂಡು ಗೊತ್ತು."

ಹೊಲಿಗೆ ಯಂತ್ರದ ಹಿಂದಿನಿಂದ ಒಂದು ನಗು ಚಿಮ್ಮಿತು. ಚಿಮ್ಮಿದ್ದೇ ತಡ, ಯಂತ್ರ ಜೋರಾಗಿ ಓಡತೊಡಗಿ ಅದನ್ನು ಮುಚ್ಚಿಹಾಕಿತು. ಸಿಡುಕನಿಗೂ ನಗು ಬರುತ್ತೆ ಹಾಗಾದ್ರೆ, ಅಂದುಕೊಂಡಳು.

ಅಂದಿನಿಂದ ಕೆಲಸ ಮುಗಿಸಿದ ಮೇಲೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಟೈಲರನ ಅಮ್ಮ ಹೇಳಿಕೊಡುತ್ತಿದ್ದರು. ಚೌಕಗಳನ್ನು ಮೊದಲು ಒಂದಕ್ಕೊಂದು ಕೂಡಿಸಬೇಕು. ಆಮೇಲೆ ಕೆಳಗೆ ಅಸ್ತರದ ಬಟ್ಟೆ, ನಡುವೆ ಮೆತ್ತಗಿನ ಹಳೆಯ ಹೊದಿಕೆ, ಮೇಲೆ ಚೌಕಗಳು. ಮೂರೂ ಜಾರದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಅದರ ಮೇಲೆ ಸಣ್ಣಗೆ ಪಕ್ಕಾ ಹೊಲಿಗೆ.

ಅವಳ ಹೊಲಿಗೆ ಹೇಗಿತ್ತೆಂದರೆ, ಹೇಳದಿರುವುದೇ ವಾಸಿ.

"ಅಮ್ಮ, ಈ ಬಟ್ಟೆಯೇ ಡೊಂಕು."

"ಹೌದೌದು. ಕುಣಿಯಲಾರದವಳಿಗೆ ನೆಲ ಡೊಂಕು. ಬಿಡಿಸು, ಮತ್ತೆ ಹೊಲಿ."

ದಾರ ಪೋಣಿಸುವುದು ಮಾತ್ರ ಟೈಲರನ ಪಾಲಿಗೆ ಬರುತ್ತಿತ್ತು. ಅಮ್ಮನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ, ಅವಳಿಗೆ ಕಂಡರೂ ಕೈ ನಡುಗುತ್ತಿತ್ತು. ಅವನು ಎಷ್ಟು ಸಣ್ಣ ಸೂಜಿಯಾದರೂ ಮೂಗಿನ ಹತ್ತಿರ ಹಿಡಿದು ಒಂದೇ ಸಲಕ್ಕೆ ಪೋಣಿಸಿ ಕೊಡುತ್ತಿದ್ದ.

"ದಿನಾ ಅಷ್ಟು ಜನರ ಕಣ್ಣು ನೋಡ್ತೀನಿ. ಇಂಥ ಕಣ್ಣು ಕಂಡಿಲ್ಲ" ಎಂದಳು ಒಮ್ಮೆ. "ನಿಮಗೆ ಮುದುಕರಾಗೋ ತನಕ ನಮ್ಮ ಅಂಗಡಿ ಬೇಡ."

"ಟೈಲರಿಗೆ ಕಣ್ಣೇ ಆಸ್ತಿ" ಎಂದ ಅವನು, ಹೆಮ್ಮೆ ಮುಚ್ಚಿಟ್ಟುಕೊಳ್ಳಲಾಗದೆ.

ಅವನದು ಇನ್ನೊಂದು ವಿಚಿತ್ರ. ಬಾಗಿಲಲ್ಲಿ ಯಾರು ಬಂದರೂ "ಅಮ್ಮಾ, ಬೂದು ಪ್ಯಾಂಟು ಬಂದ್ರು", "ಚೌಕಳಿ ಅಂಗಿ ಬಂದ್ರು" ಎನ್ನುತ್ತಿದ್ದ. ಅವಳು ಬಂದರೆ ಮಾತ್ರ "ಹಸಿರು ಬಂತು" ಎನ್ನುವ ದನಿ ಬೇರೆಯಾಗುತ್ತಿತ್ತು.

"ನೀವು ಜನರ ಮುಖ ನೋಡೋದೇ ಇಲ್ವಾ?"

"ಮುಖ ಆಮೇಲೆ. ಮೊದಲು ಫಿಟ್ಟಿಂಗು."

ಅವಳು ನಕ್ಕಳು. ನಕ್ಕು ಸುಮ್ಮನಾದಳು. ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳು ಅಲ್ಲೇ ಒಂದು ಕ್ಷಣ ನಿಂತು ಯೋಚಿಸಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಗುಂಡಿ ತರಲು ಹೋಗಿದ್ದರು. ಮನೆಗೆ ಹೊರಡೋಣವೆಂದು ಅವಳು ಎದ್ದು ನಿಂತಳು. ಕೌದಿಯೂ ಎದ್ದು ನಿಂತಿತು. ಮಡಿಲಲ್ಲಿ ಹರಡಿಕೊಂಡು ಹೊಲಿಯುತ್ತ ಹೊಲಿಯುತ್ತ ಅದನ್ನು ತನ್ನ ಏಪ್ರನ್ನಿಗೇ ಸೇರಿಸಿ ಹೊಲಿದುಬಿಟ್ಟಿದ್ದಳು!

"ಎಳೀಬೇಡಿ, ಹರಿಯುತ್ತೆ. ಕೂತ್ಕೊಳ್ಳಿ" ಎಂದ ಅವನು.

ಅವಳ ಮುಂದೆ ನೆಲದ ಮೇಲೆ ಕೂತು, ಮುಖವನ್ನು ಬಟ್ಟೆಯ ಹತ್ತಿರಕ್ಕೆ ತಂದು, ಒಂದೊಂದೇ ಹೊಲಿಗೆ ಬಿಡಿಸತೊಡಗಿದ. ಅವಳಿಗೆ ಅವನ ತಲೆಗೂದಲಲ್ಲಿ ಸಿಕ್ಕಿಕೊಂಡ ದಾರದ ಎಳೆ ಕಾಣಿಸಿತು. ತೆಗೆಯಲೇ? ಬೇಡ... ಕೈ ತನ್ನಷ್ಟಕ್ಕೆ ಮುಂದೆ ಹೋಗಿ ತೆಗೆಯಿತು. ಅವನು ತಲೆಯೆತ್ತಿದ. ಒಂದು ಗೇಣು ದೂರದಲ್ಲಿ ಅದೇ ಕಣ್ಣುಗಳು.

"ಕೌದಿ ಮುಗಿದ ಮೇಲೂ ಬರ್ತೀರಾ?" ಎಂದು ಕೇಳಿದ.

"ಬರ್ತೀನಿ."

"ಮರೆಯಲ್ಲ ತಾನೆ?"

ಅವಳು ತಲೆಯಾಡಿಸಿದಳು. ಏಪ್ರನ್ ಬಿಡಿಸಿಕೊಂಡಾಗಿತ್ತು. ಇಬ್ಬರೂ ಅಲ್ಲೇ ಕೂತಿದ್ದರು.

---

ಅದಾದ ಮೇಲಿನ ರಜೆಯ ದಿನ ಅವಳು ಹಳದಿ ಬಣ್ಣದ ಹೊಸ ಡ್ರೆಸ್ಸು ಕೊಂಡಳು. ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ. ಯಾವಾಗಲೂ ಅದೇ ಹಸಿರು ಏಪ್ರನ್ನಿನಲ್ಲಿ ನೋಡಿದ್ದಾನೆ, ಇವತ್ತು ಬೆರಗಾಗಲಿ ಎಂದು ಹಾಕಿಕೊಂಡು ಹೊರಟಳು. ಬಸ್‌ಸ್ಟಾಪಿನಲ್ಲಿ ಅವನು ಗೆಳೆಯನ ಜೊತೆ ನಿಂತಿದ್ದ. ರಸ್ತೆಯ ಈಚೆಯಿಂದ ಅವಳು ಮುಗುಳ್ನಕ್ಕು ಕೈಬೀಸಿದಳು.

ಗೆಳೆಯ ನೋಡಿದ. ಅವನನ್ನು ಮೊಣಕೈಯಿಂದ ತಿವಿದು ಏನೋ ಕೇಳಿದ. ಅವನು ನೇರವಾಗಿ ಅವಳತ್ತ ನೋಡಿದ. ನೋಡಿ, ಗೊತ್ತಿಲ್ಲವೆಂದು ತಲೆಯಲ್ಲಾಡಿಸಿದ. ಬಸ್ಸು ಬಂತು, ಹತ್ತಿ ಹೋದ.

ಅವಳ ಕೈ ಇನ್ನೂ ಮೇಲೆಯೇ ಇತ್ತು.

ಯಾರೂ ಇಲ್ಲದಾಗ ಮಡಿಲ ಮುಂದೆ ಕೂರುವವನು, ಗೆಳೆಯನ ಮುಂದೆ ಗುರುತೇ ಇಲ್ಲ ಎನ್ನುತ್ತಾನೆ! ಅಷ್ಟೇನಾ ನಾನು? ಮನೆಗೆ ಬಂದು ಹಳದಿ ಡ್ರೆಸ್ಸನ್ನೂ, ಅಂಚು ಮಾತ್ರ ಬಾಕಿಯಿದ್ದ ಕೌದಿಯನ್ನೂ ಒಟ್ಟಿಗೆ ಬೀರುವಿನ ತಳಕ್ಕೆ ತುರುಕಿದಳು.

ಮತ್ತೆ ಆ ಅಂಗಡಿಯ ಕಡೆ ತಲೆಹಾಕಲಿಲ್ಲ. ಅವನು ದಿನವೂ ಕನ್ನಡಕದ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ. ಗಾಜಿನ ಆಚೆ ಒಂದು ಕ್ಷಣ ನಿಂತು, ಒಳಗೆ ನೋಡಿ, ಹೋಗಿಬಿಡುತ್ತಿದ್ದ. ಅವಳು ಎದುರಿಗೇ ಇದ್ದರೂ ಒಂದು ನಗು ಇಲ್ಲ, ಒಂದು ಸನ್ನೆ ಇಲ್ಲ. ಹೋಗಲಿ ಬಿಡು, ಇದೂ ಅರ್ಧಕ್ಕೆ ನಿಂತಿತು ಎಂದು ತನಗೆ ತಾನೇ ಹೇಳಿಕೊಂಡಳು. ಅಭ್ಯಾಸವಿದ್ದ ಮಾತು, ಆದರೆ ಈ ಸಲ ಹೇಳಿಕೊಂಡರೂ ನೋವು ಹೋಗಲಿಲ್ಲ.

---

ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಮನೆಗೆ ಕರೆತಂದ ದಿನ ಭಾವ ಯಾವುದೋ ಹಳೆಯ ಟವೆಲ್ ತಂದು ಮಗುವಿಗೆ ಸುತ್ತಿದರು. ಅಕ್ಕ ಈಗ ಕಾಲೆಳೆಯುತ್ತಾಳೆ ಎಂದು ಅವಳು ಕಾದಳು. ಎಳೆದಿದ್ದರೆ ಚೆನ್ನಾಗಿತ್ತು.

"ಕೌದಿ ಬಗ್ಗೆ ಬೇಜಾರು ಮಾಡ್ಕೋಬೇಡ ಕಣೇ" ಎಂದಳು ಅಕ್ಕ ಮೆತ್ತಗೆ. "ಮುಗಿಸಲೇಬೇಕು ಅಂತೇನಿಲ್ಲ. ನಾನು ನಂಬ್ಕೊಂಡೂ ಇರಲಿಲ್ಲ."

ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಅದು ನಾಟಿದಂತೆ ಯಾವ ಗೇಲಿಯೂ ಅವಳಿಗೆ ನಾಟಿರಲಿಲ್ಲ. ನಗುತ್ತಿದ್ದರು ಎಂದರೆ ಎಲ್ಲೋ ಒಂದು ಕಡೆ ಆಸೆ ಇಟ್ಟುಕೊಂಡಿದ್ದರು. ಈಗ ಅದೂ ಇಲ್ಲ.

ಬೀರು ತೆರೆದಳು. ಕೌದಿಯನ್ನು ಮಂಚದ ಮೇಲೆ ಹರಡಿದಳು. ಕಡುನೀಲಿ ಚೌಕಗಳು ಕಾಣಿಸಿದವು, ಅವನು ಬಿಡಿಸಿಕೊಟ್ಟ ಜಾಗವೂ ಕಾಣಿಸಿತು. ಅತ್ತಳು. ಅಳುತ್ತಲೇ ಸೂಜಿ ಹಿಡಿದಳು. ದಾರ ಪೋಣಿಸಿ ಕೊಡುವವರು ಯಾರೂ ಇರಲಿಲ್ಲ. ತುದಿಗೆ ಎಂಜಲು ಹಚ್ಚಿ, ತಪ್ಪಿ, ಮತ್ತೆ ಹಚ್ಚಿ ಕೊನೆಗೂ ಪೋಣಿಸಿದಳು. ಅಂಚನ್ನು ಮಡಿಚಿ ಹೊಲಿಯುತ್ತ ಹೋದಳು. ಒಂದು ಮೂಲೆಯ ಚೌಕ ಓರೆಯಾಗಿತ್ತು. ಹಳೇ ಭಯ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ಚೆನ್ನಾಗಿಲ್ಲದಿದ್ದರೆ ಇಲ್ಲ, ಬಿಡು ಅಂದುಕೊಂಡಳು. ಮಗುವಿಗೆ ಬೆಚ್ಚಗಿದ್ದರೆ ಸಾಕು. ಕೆಲವು ಮಧ್ಯಾಹ್ನಗಳು ಹೀಗೇ ಕಳೆದವು. ಒಂದು ದಿನ ಹೊಲಿಯಲು ಇನ್ನು ಜಾಗವೇ ಉಳಿದಿರಲಿಲ್ಲ. ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ಅಕ್ಕ ಕೌದಿಯನ್ನು ಕೈಗೆ ತೆಗೆದುಕೊಂಡು ನಾಲ್ಕೂ ಅಂಚಿನ ಮೇಲೆ ಬೆರಳಾಡಿಸಿದಳು. ತಿರುಗಿಸಿದಳು. ಮತ್ತೆ ಬೆರಳಾಡಿಸಿದಳು.

"ಏನು ಹುಡುಕ್ತಿದೀಯ?"

"ಎಲ್ಲಿ ಬಿಟ್ಟಿದೀಯ ಅಂತ."

"ಎಲ್ಲೂ ಬಿಟ್ಟಿಲ್ಲ ಅಕ್ಕ."

ಅಕ್ಕನ ಕಣ್ಣು ತುಂಬಿತು. ಆದರೂ ಮಗುವಿಗೆ ಹೊದಿಸಲಿಲ್ಲ. ಮಡಿಚಿ ತಂಗಿಯ ಕೈಗೇ ವಾಪಸು ಕೊಟ್ಟಳು.

"ಹೇಳಿಕೊಟ್ಟವರಿಗೆ ತೋರಿಸಿದೆಯಾ?"

ಅವಳು ಕೌದಿಯ ಮಡಿಕೆಯನ್ನು ಸರಿಮಾಡತೊಡಗಿದಳು.

"ಹಾಗಾದ್ರೆ ಮುಗಿದಿಲ್ಲ. ಆ ತೋಳಿನವರ ಹತ್ರ ಏನು ಅರ್ಧಕ್ಕೆ ಬಿಟ್ಟು ಬಂದಿದೀಯೋ ನಂಗೊತ್ತಿಲ್ಲ. ಒಂದೋ ಕೂಡಿಸಿ ಬಾ, ಇಲ್ಲಾ ಕತ್ತರಿಸಿ ಬಾ. ಆಮೇಲೆ ನನ್ನ ಮಗಳಿಗೆ ಹೊದಿಸೋಣ."

---

ಕೈಗೆ ಸಿಕ್ಕಿದ್ದು ಅದೇ ಹಳದಿ ಡ್ರೆಸ್ಸು. ಹಾಕಿಕೊಂಡು, ಕೌದಿಯನ್ನು ಎದೆಗವಚಿಕೊಂಡು ಹೋದಳು. ಅವನು ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ. ರಸ್ತೆಯ ಆಚೆಯಿಂದ ಅವಳತ್ತಲೇ ನೋಡಿದ. ಮುಖದಲ್ಲಿ ಏನೂ ಇಲ್ಲ. ಅದೇ ಅಪರಿಚಿತ ನೋಟ.

ಅವಳ ಕಾಲು ಹಿಂದಕ್ಕೆ ತಿರುಗಿತು. ಕಾಲಿಗೆ ಅದು ಗೊತ್ತಿದ್ದ ದಾರಿ. ಆದರೆ ತೋಳಲ್ಲಿ ಕೌದಿಯ ಭಾರವಿತ್ತು... ಇಲ್ಲ. ಇವತ್ತು ಕೇಳಿಯೇ ಹೋಗುತ್ತೇನೆ.

"ರೀ ಟೈಲರ್!"

ಅವನ ಮುಖ ಅರಳಿತು. ಅಷ್ಟು ಅರಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಆ ಕಡೆ ಈ ಕಡೆ ಕತ್ತು ತಿರುಗಿಸಿ, ಸರಸರನೆ ರಸ್ತೆಗಿಳಿದು, ಅವಳ ಪಕ್ಕದಲ್ಲೇ ಹಾದು, ತರಕಾರಿ ಗಾಡಿಯ ಬಳಿ ಹಸಿರು ಬಟ್ಟೆ ತೊಟ್ಟು ನಿಂತಿದ್ದ ಒಬ್ಬ ದಪ್ಪ ಅಜ್ಜಿಯ ಮುಂದೆ ಹೋಗಿ ನಿಂತ.

"ಬಂದ್ರಾ? ಇಷ್ಟು ದಿನ ಎಲ್ಲಿ ಹೋಗಿದ್ರಿ ನೀವು?" ಎಂದ, ತುಂಬಿದ ದನಿಯಲ್ಲಿ.

"ಬದನೆಕಾಯಿ ತಗೊಳ್ಳೋಕೆ ಬಂದೆ. ನೀನ್ಯಾರಪ್ಪಾ?" ಎಂದರು ಅಜ್ಜಿ.

ಅವಳು ಕಲ್ಲಿನಂತೆ ನಿಂತುಬಿಟ್ಟಳು. ಬೂದು ಪ್ಯಾಂಟು ಬಂದ್ರು. ಚೌಕಳಿ ಅಂಗಿ ಬಂದ್ರು. ಮುಖ ಆಮೇಲೆ, ಮೊದಲು ಫಿಟ್ಟಿಂಗು. ಅಯ್ಯೋ ದೇವರೇ... ಇವರಿಗೆ ದೂರದ್ದು ಕಾಣಿಸುವುದೇ ಇಲ್ಲ! ಇಂಥ ಕಣ್ಣು ಕಂಡಿಲ್ಲ ಎಂದು ಬೆನ್ನು ತಟ್ಟಿದವಳು ನಾನೇ. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ.

ಹೋಗಿ ಅವನ ತೋಳು ಹಿಡಿದಳು. "ನಾನು ಇಲ್ಲಿದ್ದೀನಿ. ಬನ್ನಿ ನನ್ನ ಜೊತೆ."

ರಜೆಯ ದಿನ ಕನ್ನಡಕದ ಅಂಗಡಿ ಮುಚ್ಚಿತ್ತು, ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರಗಳನ್ನು ತೋರಿಸಿದಳು.

"ಓದಿ."

"ಎಲ್ಲಿದೆ ಅಕ್ಷರ?"

ಅವಳ ಕಣ್ಣಲ್ಲಿ ನೀರು ಬಂತು. ಪರೀಕ್ಷೆಯ ಭಾರದ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ ಒಂದೊಂದೇ ಗಾಜು ಬದಲಿಸುತ್ತ, "ಬಸ್‌ಸ್ಟಾಪ್ ಹತ್ರ ಅವತ್ತು ಹಳದಿ ಡ್ರೆಸ್ಸಲ್ಲಿ ಕೈ ಬೀಸಿದ್ದು ನಾನು" ಎಂದಳು.

"ನೀವಾ?" ಅವನು ದಿಗಿಲುಬಿದ್ದ. "ಆ ಹಳದಿ ಯಾರೋ ಅಂತ ಗೆಳೆಯ ಕೇಳಿದ. ನಾನು ಹೊಲಿದ ಬಟ್ಟೆ ಅಲ್ಲ, ಗೊತ್ತಿಲ್ಲ ಅಂದೆ. ಅದಕ್ಕೇ ಬಿಟ್ಟು ಹೋದ್ರಾ?"

"ಹೂಂ."

"ನಾನು ದಿನಾ ಈ ಗಾಜಿನ ಮುಂದೆ ನಿಲ್ತಿದ್ದೆ. ಒಳಗೆ ಹಸಿರು ಕಾಣ್ತಿತ್ತು. ಇವತ್ತು ಹೊರಗೆ ಬರ್ತಾರೆ, ಇವತ್ತು ಕರೀತಾರೆ ಅಂತ... ದೂರ ಅನ್ನೋದು ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿದ್ದೆ ರೀ. ಒಂದು ಮಾತು ಕೇಳಬಹುದಿತ್ತಲ್ಲ ನೀವು."

"ಕೇಳಬಹುದಿತ್ತು. ಹೌದು, ಬೇಕಂತಲೇ ಮುಖ ತಿರುಗಿಸಿದೆ ಅಂತ ನೀವು ಅಂದುಬಿಟ್ರೆ ಅಂತ ಭಯ ಆಯ್ತು. ನಾನು ಯಾವಾಗಲೂ ಹೀಗೇ... ಕೊನೆ ತನಕ ಹೋಗೋದಕ್ಕೆ ಹೆದರ್ತೀನಿ."

ಕೊನೆಯ ಗಾಜು ಹಾಕಿದಳು. ಅವನು ಅಕ್ಷರಗಳನ್ನು ಓದಲಿಲ್ಲ. ಗೋಡೆ ನೋಡಿದ, ಕಿಟಕಿ ನೋಡಿದ, ಕಿಟಕಿಯಾಚೆ ಮರದಲ್ಲಿ ಬೇರೆ ಬೇರೆಯಾಗಿ ನಿಂತ ಎಲೆಗಳನ್ನು ನೋಡಿದ.

"ಕೌದಿ ಮುಗೀತಾ?" ಎಂದು ಕೇಳಿದ.

ಅವಳು ಬಾಗಿಲ ತನಕ ನಡೆದುಹೋಗಿ, ತಿರುಗಿ, ಎರಡೂ ಕೈಯಗಲಿಸಿ ಕೌದಿಯನ್ನು ಬಿಡಿಸಿ ಹಿಡಿದಳು. ಇಷ್ಟು ದಿನ ಹೊಲಿಗೆ ಹೊಲಿಗೆಯಾಗಿ ಮಾತ್ರ ಕಂಡಿದ್ದನ್ನು ಅವನು ಮೊದಲ ಸಲ ಇಡಿಯಾಗಿ ಕಂಡ.

"ಕೆಳಗಡೆ ಎಡಮೂಲೆಯ ಚೌಕ ಓರೆ ಇದೆ" ಎಂದ.

"ಗೊತ್ತು. ಬಿಡಿಸಿ ಮತ್ತೆ ಹೊಲೀಲಾ?"

"ಬೇಡ. ಮುಗಿದಿದೆ."

ಅವಳು ಕೌದಿಯನ್ನು ಮೆಲ್ಲಗೆ ಇಳಿಸಿದಳು.

"ಕೌದಿ ಮುಗಿದ ಮೇಲೂ ಬರ್ತೀನಿ ಅಂದಿದ್ರಿ" ಎಂದ ಅವನು.

"ಬರ್ತೀನಿ. ಅಂಗಡಿಗೆ, ಮನೆಗೆ, ಎಲ್ಲಿಗೆ ಕರೆದ್ರೂ ಬರ್ತೀನಿ. ನಿಮ್ಮನ್ನ ಅರ್ಧಕ್ಕೆ ಬಿಡೋದು ನನ್ನಿಂದ ಆಗಲಿಲ್ಲ. ಬಿಟ್ಟು ನೋಡಿದೆ... ಆಗಲಿಲ್ಲ."

ಅವಳು ಅವನತ್ತ ಹೆಜ್ಜೆ ಇಟ್ಟಳು.

"ಸ್ವಲ್ಪ ತಡೀರಿ. ಅಲ್ಲೇ ಇರಿ" ಎಂದ ಅವನು. "ಇಷ್ಟು ದೂರದಿಂದ ನೀವು ಹೇಗಿರ್ತೀರಿ ಅಂತ ನಾನು ನೋಡೇ ಇಲ್ಲ."

ಅವಳು ನಿಂತಳು. ಹಳದಿ ಡ್ರೆಸ್ಸು, ಕೈಯಲ್ಲಿ ಕೌದಿ, ಕೆನ್ನೆ ಒದ್ದೆ. ಅವನು ನೋಡಿದ, ನೋಡುತ್ತಲೇ ಇದ್ದ.

"ನೋಡಿದ್ದಾಯ್ತಾ?" ಎಂದಳು ಕೊನೆಗೆ, ನಗುತ್ತ.

"ಆಯ್ತು."

ಅವನು ಮೂಗಿನ ಮೇಲಿನ ಫ್ರೇಮನ್ನು ಜೋಪಾನವಾಗಿ ತೆಗೆದು ಪಕ್ಕಕ್ಕಿಟ್ಟ.

"ಇನ್ನು ಇದು ಬೇಡ. ಹತ್ತಿರ ಬನ್ನಿ."